ರೋಲಿ ಪೋಲಿ ಓಲಿ ಗೊತ್ತಾ ಯಾರಿಗಾದ್ರೂ? ಹಳೇ ತ್ರೀಡಿ ಕಾರ್ಟೂನ್‌ಗಳೆಲ್ಲ ಯಾಕೆ ಅಷ್ಟು ಗುಂಡುಗುಂಡು?

ಹಳೇಪೆಟ್ಟಿಗೆ
ಅಕ್ಕನ ಮಕ್ಕಳು ಅಮೆರಿಕದಲ್ಲಿ ನೋಡಿ ಬಿಟ್ಟ ಡಿವಿಡಿಗಳು ಒಂದು ಡಬ್ಬದ ತುಂಬ ನಮ್ಮನೆಗೆ ಬಂದಿವೆ. ಅದರಲ್ಲಿ ರೋಲಿ ಪೋಲಿ ಓಲಿ ಅನ್ನೋದೊಂದಿದೆ. ಮೂರು ವರ್ಷದ ಮಗಳು ಅದನ್ನ ಬಿಟ್ಟು ಬೇರೇನೂ ಹಾಕೋಕೆ ಬಿಡ್ತಿಲ್ಲ. ನೋಡದೇ ಇರೋರಿಗೆ ಹೇಳ್ತೀನಿ: ಓಲಿ ಅನ್ನೋ ರೋಬೋ ಹುಡುಗ, ತಂಗಿ ಜೋವಿ, ಅಪ್ಪ, ಅಮ್ಮ, ಹಲ್ಲುಸೆಟ್ಟು ಆಗಾಗ ಬಾಯಿಂದ ಹಾರಿ ಓಡಿಹೋಗೋ ತಾತ, ಸ್ಪಾಟ್ ಅನ್ನೋ ನಾಯಿ. ಗ್ರಹ ಗುಂಡು, ಮನೆ ಗುಂಡು, ಮರ ಗುಂಡು. ಕುರ್ಚಿ, ಬಾಗಿಲು, ಅಡುಗೆಮನೆ ಸಾಮಾನು ಎಲ್ಲಕ್ಕೂ ಜೀವ ಇದೆ.

ಕೇಳಬೇಕಾಗಿರೋದು ಇಷ್ಟು. ಪೂರ್ತಿ ಕಂಪ್ಯೂಟರ್‌ನಲ್ಲೇ ಮಾಡಿದ ಮೊದಲ ಟೀವಿ ಸರಣಿ ಇದೇ ಅಂತ ಅಕ್ಕ ಹೇಳ್ತಾಳೆ, ನಿಜವಾ? ಎಲ್ಲಾ ಗುಂಡಗೆ ಮಾಡಿದ್ದು ಆಗಿನ ಕಂಪ್ಯೂಟರ್‌ಗೆ ಅಷ್ಟೇ ಆಗ್ತಿತ್ತು ಅಂತಲೋ, ಬೇಕು ಅಂತಲೋ? ಮತ್ತೆ, ಈಗಿನ ಯೂಟ್ಯೂಬ್ ತ್ರೀಡಿ ಪದ್ಯಗಳನ್ನ ಹಾಕಿದ್ರೆ ಕಣ್ಣು ಮಿಟುಕಿಸದೆ ಕೂರೋ ಮಗು, ಇದನ್ನ ಹಾಕಿದ್ರೆ ಎದ್ದು ಕುಣಿಯುತ್ತೆ. ಯಾಕಿರಬಹುದು?

ಒಗ್ಗರಣೆ
ಗೊತ್ತಿಲ್ಲ ಗುರು. ನಮ್ಮ ಕಾಲಕ್ಕೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಜಂಗಲ್ ಬುಕ್. ಅಷ್ಟೇ ಪುಣ್ಯ.

ಕೀಫ್ರೇಮ್ ಕಿಟ್ಟಿ
ಬೆಂಗಳೂರಿನಲ್ಲಿ ತುಂಬ ವರ್ಷ ಇದೇ ಕೆಲಸ ಮಾಡಿದವನು ನಾನು. ನಿಮ್ಮಕ್ಕ ಹೇಳಿದ್ದು ಅರ್ಧ ಸರಿ.

ಮೊದಲನೇದಂತೂ ಅಲ್ಲ. ಕೆನಡಾದ ವ್ಯಾಂಕೂವರಿನ ಮೇನ್‌ಫ್ರೇಮ್ ಸ್ಟುಡಿಯೊದ ರೀಬೂಟ್ 1994ರ ಸೆಪ್ಟೆಂಬರಿನಲ್ಲೇ ಪ್ರಸಾರ ಆಗಿತ್ತು. ಅರ್ಧ ಗಂಟೆಯ ಕಂತುಗಳು, ಎಲ್ಲವೂ ಸಿಜಿ, ಅಂದ್ರೆ ಕಂಪ್ಯೂಟರ್‌ನಲ್ಲೇ ಮಾಡಿದ ಚಿತ್ರ. ಫ್ರಾನ್ಸಿನವರನ್ನ ಕೇಳಿದ್ರೆ ಫಾಂಟೋಮ್ ಸ್ಟುಡಿಯೊದ ಇನ್ಸೆಕ್ಟರ್ಸ್ ಅಂತಾರೆ, ಆ ಜಗಳ ಇನ್ನೂ ಮುಗಿದಿಲ್ಲ. ಆದ್ರೆ ಇವೆರಡೂ ದೊಡ್ಡ ಮಕ್ಕಳಿಗೆ ಮಾಡಿದ್ದು. ಶಾಲೆಗೆ ಹೋಗದ ವಯಸ್ಸಿನ ಮಕ್ಕಳಿಗೆ ಅಂತಲೇ ಮಾಡಿದ ಪೂರ್ಣ ಸಿಜಿ ಟೀವಿ ಸರಣಿಗಳಲ್ಲಿ ತೀರಾ ಮೊದಲಿನವುಗಳ ಪೈಕಿ ಓಲಿ ಬರ್ತಾನೆ. 1998ರ ಅಕ್ಟೋಬರಿನಲ್ಲಿ ಡಿಸ್ನಿ ಚಾನೆಲ್‌ನಲ್ಲಿ ಶುರುವಾಯ್ತು, 2004ರವರೆಗೆ ನಡೀತು. ಕಲ್ಪನೆ ವಿಲಿಯಂ ಜಾಯ್ಸ್ ಅನ್ನೋ ಚಿತ್ರಪುಸ್ತಕಗಾರನದ್ದು, ಲೂಸಿಯಾನಾ ರಾಜ್ಯದವನು. ನಿರ್ಮಾಣ ಟೊರಾಂಟೊದ ನೆಲ್ವಾನಾ, ಜೊತೆಗೆ ಫ್ರಾನ್ಸಿನವರು. ಅನಿಮೇಶನ್ ಮಾಡಿದ ಫ್ರಾನ್ಸಿನ ಸ್ಪಾರ್ಕ್ಸ್‌ಗೆ ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲೂ ಸ್ಟುಡಿಯೊ ಇತ್ತು. ಅಮೆರಿಕದ ಟೀವಿ ಪ್ರಶಸ್ತಿ ಡೇಟೈಮ್ ಎಮ್ಮಿ ಕೂಡ ಬಂದಿದೆ.

ಗುಂಡು ಯಾಕೆ ಅನ್ನೋದಕ್ಕೆ ನನ್ನ ಉತ್ತರ ನೇರ: ಆಗಿನ ಯಂತ್ರಕ್ಕೆ ಸುಲಭ. ಸಂಜೆ ಬಂದು ವಿವರ ಬರೀತೀನಿ.

ತಗಾದೆ ತಿಮ್ಮ
ಯಂತ್ರಕ್ಕೆ ಗುಂಡು ಸುಲಭ ಅಂದ್ರೆ ನಗು ಬರುತ್ತೆ. ಕಂಪ್ಯೂಟರ್‌ಗೆ ಎಲ್ಲಕ್ಕಿಂತ ಸುಲಭ ಚೌಕ ಸ್ವಾಮಿ! ಒಂದು ಘನಕ್ಕೆ ಆರು ಮುಖ ಸಾಕು. ಗೋಳ ನುಣುಪಾಗಿ ಕಾಣಬೇಕು ಅಂದ್ರೆ ನೂರಾರು ಮುಖ ಬೇಕು. ಆ ಕಾಲದ ವಿಡಿಯೊ ಗೇಮ್ ತೆಗೆದು ನೋಡಿ, ಮೂಗೂ ಚೌಕ, ಮುಷ್ಟಿಯೂ ಚೌಕ. ಸುಲಭ ಅನ್ನೋದೇ ಕಾರಣ ಆಗಿದ್ರೆ ಓಲಿ ಇಟ್ಟಿಗೆ ಥರ ಇರಬೇಕಿತ್ತು.

ಮಿಸ್ಸಿಸಾಗಾ ಮಾಮಿ
ಅಯ್ಯೋ ಓಲಿ!! ನಮ್ಮ ದೊಡ್ಡವಳು ಇದನ್ನೇ ನೋಡಿ ಬೆಳೆದದ್ದು. ನಾವು ಕೆನಡಾಕ್ಕೆ ಬಂದ ಹೊಸತು, ಹೊರಗೆ ಹಿಮ, ಮಾತಾಡಿಸೋರು ಯಾರೂ ಇಲ್ಲ. ಮಗು ಟೀವಿ ಮುಂದೆ, ನಾನು ಒಲೆ ಮುಂದೆ. ಅವಳು ಮನೆಗೆ ಬಂದೋರಿಗೆಲ್ಲ ಓಲಿ ಥರ "ಹೌಡಿ" ಅಂತಿದ್ಳು. ನಮ್ಮತ್ತೆ ಊರಿಂದ ಫೋನ್ ಮಾಡಿದಾಗಲೂ "ಹೌಡಿ"! ಅವರು ಅದನ್ನ "ಹೌದಾ" ಅಂತ ಕೇಳಿಸ್ಕೊಂಡು "ಏನು ಹೌದಾ ಪುಟ್ಟಾ" ಅಂತಿದ್ರು. ಒಂದಷ್ಟು ವಾರ ಇಬ್ಬರೂ ಹೀಗೇ ಚೆನ್ನಾಗಿ ಮಾತಾಡಿಕೊಂಡ್ರು.

ಇನ್ನೊಂದು ಹೇಳ್ಬೇಕು. ನಮ್ಮಲ್ಲಿ ಮಗು ಬಾಗಿಲಿಗೆ ತಲೆ ಚಚ್ಚಿಕೊಂಡ್ರೆ ಅಜ್ಜಿ ಬಂದು ಬಾಗಿಲಿಗೇ ನಾಲ್ಕು ಬಾರಿಸ್ತಾರಲ್ಲ, "ನಮ್ಮ ಪುಟ್ಟಂಗೆ ಹೊಡೀತೀಯಾ" ಅಂತ? ಅತ್ತೆ ಇಲ್ಲಿಗೆ ಬಂದಾಗ ಹಾಗೆ ಮಾಡಿದ್ರು. ಮಗಳು ಹೋಗಿ ಬಾಗಿಲಿಗೆ ಸಮಾಧಾನ ಹೇಳಿದ್ಳು. ಓಲಿ ಮನೇಲಿ ಬಾಗಿಲಿಗೂ ಜೀವ ಇದೆಯಲ್ಲ, ಅದಕ್ಕೂ ನೋವಾಗುತ್ತೆ ಅಂತ ಅವಳ ಲೆಕ್ಕ.

ಒಗ್ಗರಣೆ
ಮಾಮಿ ಕಥೆಗೆ ನನ್ನ ಓಟು. ಚರ್ಚೆ ಮುಗೀತು, ಎಲ್ಲರೂ ಮನೆಗೆ ಹೋಗಿ.

ಧಾರವಾಡದಂವ
ಮುಗಿಯೂದೆಲ್ಲಿ ಬಂತರೀ, ಈಗ ಶುರು ಆಗೇತಿ. ತಿಮ್ಮಣ್ಣ ಹೇಳಿದ್ದು ಖರೇ ಐತಿ, ಚೌಕ ಅಂದ್ರ ಹಗೂರ. ಅದ್ರಾಗ ಚೌಕ ಮಂದಿನೂ ಅದಾರಲ್ರೀ ಆ ಕಾರ್ಟೂನಿನಾಗ. ಓಲಿ ಗೆಳೆಯ ಬಿಲ್ಲಿ ಬೆವೆಲ್ ಅಂತ, ಅವನ ಗ್ರಹದಾಗ ಎಲ್ಲಾ ಚೌಕ. ಹಂಗಾದ್ರ ಯಂತ್ರಕ್ಕ ಎರಡೂ ಬರ್ತಿದ್ವು ಅಂದಂಗಾತಲ್ಲ?

ಕೀಫ್ರೇಮ್ ಕಿಟ್ಟಿ
ಬಂದೆ. ತಿಮ್ಮ ಅವರೇ, ನೀವು ಹೇಳ್ತಿರೋದು ಗೇಮ್‌ನ ಲೆಕ್ಕ. ಗೇಮ್ ಆಡೋವಾಗ ಸೆಕೆಂಡಿಗೆ ಇಷ್ಟು ಚೌಕಟ್ಟು (ಫ್ರೇಮ್) ಅಂತ ಅಲ್ಲೇ, ಆ ಕ್ಷಣದಲ್ಲೇ ಚಿತ್ರ ಬಿಡಿಸಬೇಕು. ಅದಕ್ಕೇ ಮುಖಗಳ ಸಂಖ್ಯೆಯಲ್ಲಿ ಜಿಪುಣತನ. ಟೀವಿ ಅನಿಮೇಶನ್ನಿನಲ್ಲಿ ರಾತ್ರಿಯಿಡೀ ರೆಂಡರ್‌ಗೆ (ಕಂಪ್ಯೂಟರ್ ಲೆಕ್ಕ ಹಾಕಿ ಕೊನೆಯ ಚಿತ್ರ ಬಿಡಿಸೋ ಕೆಲಸ) ಹಾಕಿ ಮನೆಗೆ ಹೋಗಬಹುದು. ಅಲ್ಲದೆ 90ರ ದಶಕದಲ್ಲಿ ಪಾತ್ರಗಳನ್ನ ಹೆಚ್ಚಾಗಿ ನರ್ಬ್ಸ್ ಅನ್ನೋ ವಿಧಾನದಲ್ಲಿ ಮಾಡ್ತಿದ್ರು. ಮುಖ ಮುಖ ಜೋಡಿಸೋದಲ್ಲ, ವಕ್ರರೇಖೆಯ ಗಣಿತದಿಂದ ಮೇಲ್ಮೈ ಎಬ್ಬಿಸೋದು. ಅದರಲ್ಲಿ ಗೋಳಕ್ಕೆ ಬೆರಳೆಣಿಕೆಯ ನಿಯಂತ್ರಣ ಬಿಂದುಗಳು ಸಾಕು, ಎಷ್ಟು ಹತ್ತಿರ ಕ್ಯಾಮೆರಾ ಒಯ್ದರೂ ನುಣುಪು. ಅಲ್ಲಿ ಕಷ್ಟ ಇದ್ದದ್ದು ಕವಲೊಡೆಯೋ ಆಕಾರಗಳಲ್ಲಿ. ಒಂದು ಮುಂಡದಿಂದ ಎರಡು ತೋಳು, ಅಂಗೈಯಿಂದ ಐದು ಬೆರಳು. ತುಂಡುತುಂಡು ಹೊಲಿದು ಹೊಲಿಗೆ ಕಾಣದ ಹಾಗೆ ಮುಚ್ಚಬೇಕು, ಕೈ ಮಡಚಿದ್ರೆ ಹೊಲಿಗೆ ಬಿಚ್ಚಿಕೊಳ್ಳುತ್ತೆ.

ಮುಖ್ಯ ವಿಷಯ ಇನ್ನೊಂದಿದೆ. ಮನುಷ್ಯನ ಮೊಣಕೈ ಮಡಚಿದಾಗ ಚರ್ಮ ಹೇಗೆ ಹಿಗ್ಗುತ್ತೆ, ಎಲ್ಲಿ ಸುಕ್ಕಾಗುತ್ತೆ ಅಂತ ಬಿಂದು ಬಿಂದುವಿಗೂ ತೂಕ (ಅದು ಎಷ್ಟು ಅಲ್ಲಾಡಬೇಕು ಅನ್ನೋ ಲೆಕ್ಕ) ಹಚ್ಚಿ ಹೇಳಿಕೊಡಬೇಕು. ತಪ್ಪಿದ್ರೆ ಮೊಣಕೈ ಒದ್ದೆ ಬಟ್ಟೆ ಹಿಂಡಿದ ಹಾಗೆ ಕುಸಿಯುತ್ತೆ. ರೋಬೋಗೆ ಆ ತಾಪತ್ರಯವೇ ಇಲ್ಲ. ತಲೆ ಒಂದು ಬಿಡಿ ಗೋಳ, ಹೊಟ್ಟೆ ಒಂದು ಬಿಡಿ ಗೋಳ, ಕೈಕಾಲು ಬಗ್ಗೋ ಕೊಳವೆ. ಒಂದರೊಳಗೊಂದು ತೂರಿಸಿಟ್ರೂ ಯಾರೂ ಕೇಳಲ್ಲ. ಕೂದಲಿಲ್ಲ. ಬಟ್ಟೆಯ ಮಡಿಕೆ ಇಲ್ಲ. ಚರ್ಮ ಇಲ್ಲ. ವಾರಕ್ಕೆ ಇಷ್ಟು ಸೆಕೆಂಡು ಅಂತ ಲೆಕ್ಕ ಒಪ್ಪಿಸಬೇಕಾದ ಅನಿಮೇಟರ್‌ಗೆ ಇದು ಸ್ವರ್ಗ ಸ್ವಾಮಿ.

ಚೌಕ ಗ್ರಹದ ಅಂಚುಗಳನ್ನೂ ಸೂಕ್ಷ್ಮವಾಗಿ ನೋಡಿ, ಚೂರಿಯ ಹಾಗೆ ಚೂಪಿಲ್ಲ, ಸ್ವಲ್ಪ ಉಜ್ಜಿ ಮೊಂಡು ಮಾಡಿರ್ತಾರೆ. ಚೂಪು ಅಂಚಿಗೆ ಬೆಳಕು ಸಿಕ್ಕಲ್ಲ. ಹಳೇ ಟೀವಿಯಲ್ಲಿ ಅಂಥ ಗೆರೆ ಅಡ್ಡ ಬಂದ್ರೆ ಪಟಪಟ ಮಿನುಗುತ್ತೆ ಬೇರೆ.

ತಗಾದೆ ತಿಮ್ಮ
ಹಾಗಾದ್ರೆ ನಿಮ್ಮದೇ ಮಾತಿನ ಪ್ರಕಾರ ಸುಲಭ ಆದದ್ದು *ರೋಬೋ* ಆಗಿದ್ದಕ್ಕೆ, *ಗುಂಡು* ಆಗಿದ್ದಕ್ಕಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ನನ್ನ ವಾದ: ಗುಂಡು ಅನ್ನೋದು ಜಾಯ್ಸ್‌ನ ಕೈಗುಣ. ಆತನ ಮಿಕ್ಕ ಕೆಲಸ ನೋಡಿ, 1950ರ ಹಿಂದುಮುಂದಿನ ಅಮೆರಿಕದ ಹುಚ್ಚು ಅವನಿಗೆ. ಗುಂಡು ಅಂಚಿನ ಫ್ರಿಜ್ಜು, ಉಬ್ಬಿದ ಕಾರು, ಹ್ಯಾಟು ಹಾಕಿದ ಅಪ್ಪ. 1999ರಲ್ಲಿ ಓಲಿ ಪುಸ್ತಕವಾಗಿಯೂ ಬಂತು, ಪುಸ್ತಕದಲ್ಲೂ ಎಲ್ಲ ಗುಂಡೇ. ಕಾಗದಕ್ಕೆ ರೆಂಡರ್ ಸಮಯದ ಹಂಗಿತ್ತಾ?

ಹಳೇಪೆಟ್ಟಿಗೆ
ತಿಮ್ಮ ಅವರ ಮಾತಲ್ಲಿ ತೂಕ ಇದೆ ಅನಿಸ್ತಿದೆ. ಆದ್ರೆ ಪುಸ್ತಕ ಬಂದದ್ದು ಸರಣಿ ಶುರುವಾದ ಮೇಲೆ ಅಲ್ವಾ? 98 ಮೊದಲು, 99 ಆಮೇಲೆ.

ಕೀಫ್ರೇಮ್ ಕಿಟ್ಟಿ
ಹ್ಹ ಹ್ಹ, ತಿಮ್ಮಣ್ಣ ಸಿಕ್ಕಿಬಿದ್ರು. ಪುಸ್ತಕದ ಚಿತ್ರಗಳೂ ಕಂಪ್ಯೂಟರ್‌ನಲ್ಲೇ ಮಾಡಿದ್ದು. ಜಾಯ್ಸ್ ಮೊದಲೆಲ್ಲ ಬಣ್ಣ, ಕುಂಚ ಹಿಡಿದು ಬರೀತಿದ್ದವನು, ಓಲಿಗೆ ಮಾತ್ರ ಯಂತ್ರದ ಭಾಷೆಗೆ ಬಂದ. ಟಾಯ್ ಸ್ಟೋರಿ ಅನ್ನೋ ಸಿಜಿ ಸಿನಿಮಾಕ್ಕೂ ಪಾತ್ರಗಳ ಕಲ್ಪನಾಚಿತ್ರ ಬರೆದುಕೊಟ್ಟಿದ್ದವನು. ಈ ಮಾಧ್ಯಮಕ್ಕೆ ಏನು ಒಗ್ಗುತ್ತೆ ಅನ್ನೋದು ಚೆನ್ನಾಗಿ ಗೊತ್ತಿತ್ತು ಅವನಿಗೆ.

ತಗಾದೆ ತಿಮ್ಮ
ಸಿಕ್ಕಿಬಿದ್ದಿಲ್ಲ. ಗೊತ್ತಿತ್ತು ಅಂತ ನೀವೇ ಹೇಳ್ತಿದೀರಿ. ಗೊತ್ತಿದ್ದೂ ಆರಿಸಿಕೊಳ್ಳೋದೇ ಕಲೆ. ಅದನ್ನ "ಯಂತ್ರಕ್ಕೆ ಸುಲಭ" ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ರಲ್ಲ, ಅದಕ್ಕೆ ನನ್ನ ತಕರಾರು.

ರಾಮನಗರದ ರಾಗಿ
ಇಬ್ಬರೂ ಒಂದೇ ಮಾತು ಹೇಳ್ತಿದೀರಿ, ಕೂಗಾಟ ಮಾತ್ರ ಬೇರೆ. ನಮ್ಮ ಪಕ್ಕದ ಚನ್ನಪಟ್ಟಣದ ಗೊಂಬೆ ನೋಡಿ. ಆಲೆ ಮರದ ತುಂಡನ್ನ ಲೇತಿಗೆ ಸಿಕ್ಕಿಸಿ ತಿರುಗಿಸ್ತಾರೆ, ಉಳಿ ಹಿಡೀತಾರೆ. ತಿರುಗೋ ಮರದಿಂದ ಬರೋದೇ ಗುಂಡು. ಆಮೇಲೆ ಅದು ತಿರುಗ್ತಿರೋವಾಗಲೇ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜುವ ಬಿಸಿಗೆ ಬಣ್ಣ ಕರಗಿ ಹಿಡಿಯುತ್ತೆ, ಅದರಿಂದ ಆ ಹೊಳಪು. ಗುಂಡು ತಲೆ, ಗುಂಡು ಹೊಟ್ಟೆ, ಹೊಳೆಯೋ ಮೈ. ಓಲಿ ಫೋಟೊ ಈಗ ನೋಡಿದೆ, ನಮ್ಮೂರ ಸಂತೆಯಲ್ಲಿ ಇಟ್ರೆ ಯಾರೂ ಹೊರಗಿನವನು ಅನ್ನಲ್ಲ.

ಹಾಗಂತ ಲೇತ್ ಇರೋರೆಲ್ಲ ಗೊಂಬೆ ಮಾಡಲ್ಲ. ಮಂಚದ ಕಾಲೂ ಮಾಡ್ತಾರೆ.

ಧಾರವಾಡದಂವ
ಮಂಚದ ಕಾಲು! ಎಂಥಾ ಮಾತಾಡಿದ್ರಿ. ತಿಮ್ಮಣ್ಣಗ ಕಿಟ್ಟಣ್ಣಗ ಇಬ್ಬರಿಗೂ ಒಂದೊಂದು ಕಾಲು ಕೊಟ್ಟು ಕಳಸ್ರಿ.

ಪುಟ್ಟನ ಅಪ್ಪ
ಇದೇ ಧಾಟಿಯಲ್ಲಿ ವೆಜಿಟೇಲ್ಸ್ ಅಂತ ಒಂದು ಇತ್ತು. ಅಮೆರಿಕದ ಕ್ರೈಸ್ತ ಮಕ್ಕಳ ಕಾರ್ಯಕ್ರಮ, ಮೊದಲು ವಿಡಿಯೊ ಕ್ಯಾಸೆಟ್ಟಾಗಿ ಬಂದದ್ದು 1993ರಲ್ಲಿ. ಪಾತ್ರಗಳೆಲ್ಲ ತರಕಾರಿ: ಟೊಮೆಟೊ, ಸೌತೆಕಾಯಿ. ಯಾಕೆ ತರಕಾರಿ ಗೊತ್ತಾ? ಮಾಡಿದ ಫಿಲ್ ವಿಶರ್ ಹತ್ರ ಇದ್ದ ಯಂತ್ರಕ್ಕೆ ಕೈ, ಕಾಲು, ಕೂದಲು, ಬಟ್ಟೆ ಇರೋ ಪಾತ್ರ ಎಳೆಯೋ ಶಕ್ತಿ ಇರಲಿಲ್ಲ. ಕೈಕಾಲಿಲ್ಲದ್ದು ಏನಿದೆ ಅಂತ ಹುಡುಕಿ ಮೊದಲು ಚಾಕಲೇಟ್ ಬಾರ್ ಮಾಡಿದ್ನಂತೆ. ಮಕ್ಕಳು ಸಿಹಿತಿಂಡಿ ಮೇಲೆ ಪ್ರೀತಿ ಬೆಳೆಸ್ಕೊಂಡ್ರೆ ಅಮ್ಮಂದಿರು ಸುಮ್ಮನಿರ್ತಾರಾ ಅಂತ ಹೆಂಡತಿ ಹೇಳಿದ್ಳು. ಆಗ ಸೌತೆಕಾಯಿ ಬಂತು.

ಅವು ವಸ್ತುಗಳನ್ನ ಎತ್ತೋದು ಹೇಗೆ ಅಂತ ನೋಡಿ ಬೇಕಾದ್ರೆ. ಕೈಯೇ ಇಲ್ಲ, ಆದ್ರೂ ಸಾಮಾನು ಪಕ್ಕದಲ್ಲಿ ಗಾಳಿಯಲ್ಲೇ ನಿಲ್ಲುತ್ತೆ. ಮಕ್ಕಳು ಯಾವತ್ತೂ ಪ್ರಶ್ನೆ ಕೇಳಲಿಲ್ಲ.

ಒಗ್ಗರಣೆ
ನಮ್ಮ ಮನೆಯ ಹುಡುಗ ತರಕಾರಿ ಮಾತಾಡೋದು ನೋಡಿದ್ರೆ ತಿನ್ನೋದು ಪೂರ್ತಿ ನಿಲ್ಲಿಸ್ತಾನೆ. ಬೇಡಪ್ಪ.

ಕೀಫ್ರೇಮ್ ಕಿಟ್ಟಿ
ಪುಟ್ಟನ ಅಪ್ಪ ಹೇಳಿದ್ದು ಅಪ್ಪಟ ಸತ್ಯ, ಮತ್ತೆ ಇದು ಆ ಇಡೀ ಪೀಳಿಗೆಯ ಕಥೆ. ರೀಬೂಟ್ ನಡೆಯೋದೇ ಕಂಪ್ಯೂಟರ್ ಒಳಗೆ, ಚಿತ್ರ ಕೃತಕವಾಗಿ ಕಂಡ್ರೂ ಕಥೆಗೆ ಹೊಂದುತ್ತೆ. 1995ರ ಟಾಯ್ ಸ್ಟೋರಿಯಲ್ಲಿ ನಾಯಕರು ಪ್ಲಾಸ್ಟಿಕ್ ಆಟಿಕೆಗಳು, ಯಾಕಂದ್ರೆ ಆಗ ಏನೇ ರೆಂಡರ್ ಮಾಡಿದ್ರೂ ಪ್ಲಾಸ್ಟಿಕ್ ಥರವೇ ಕಾಣ್ತಿತ್ತು. ಅದಕ್ಕೂ ಮೊದಲು, 1988ರಲ್ಲಿ, ಅದನ್ನ ಮಾಡಿದ ಪಿಕ್ಸಾರ್ ಸ್ಟುಡಿಯೊದವರೇ ಟಿನ್ ಟಾಯ್ ಅನ್ನೋ ಕಿರುಚಿತ್ರದಲ್ಲಿ ಮನುಷ್ಯ ಮಗುವನ್ನ ಮಾಡಿದ್ರು. ಆಸ್ಕರ್ ಬಂತು ನಿಜ. ಆ ಮಗುವನ್ನ ಇವತ್ತು ರಾತ್ರಿ ಒಬ್ಬರೇ ಕೂತು ನೋಡಿ, ಲೈಟ್ ಆರಿಸಬೇಡಿ. ಚರ್ಮದೊಳಕ್ಕೆ ಬೆಳಕು ಇಳಿದು ಚದುರಿ ಹೊರಗೆ ಬರೋದನ್ನ ಲೆಕ್ಕ ಹಾಕೋ ಪ್ರಾಯೋಗಿಕ ವಿಧಾನ ಹೆನ್ರಿಕ್ ಯೆನ್ಸೆನ್ ಮತ್ತು ಸಂಗಡಿಗರಿಂದ ಬಂದದ್ದೇ 2001ರಲ್ಲಿ. ಅಲ್ಲಿವರೆಗೆ ಎಲ್ಲರ ಕೆನ್ನೆಯೂ ಬಕೆಟ್ಟಿನದ್ದೇ.

2005ರಲ್ಲಿ ಸ್ಪೇನಿನ ಪೊಕೊಯೊ ಬಂತು. ಅವರು ಇನ್ನೂ ಜಾಣರು, ಹಿನ್ನೆಲೆಯನ್ನೇ ತೆಗೆದುಹಾಕಿದ್ರು. ಬರೀ ಬಿಳಿ. ಮಗುವಿನ ಕಣ್ಣು ಪಾತ್ರದ ಮೇಲೇ ನಿಲ್ಲುತ್ತೆ, ಕೆಲಸವೂ ಉಳಿಯುತ್ತೆ. ನನ್ನ ಪ್ರಕಾರ ಈ ಸಾಲಿನಲ್ಲಿ ಎಲ್ಲಕ್ಕಿಂತ ಚೆಂದದ ಅನಿಮೇಶನ್ ಅದೇ. ಓಲಿ ಅಭಿಮಾನಿಗಳು ಬೈದ್ರೂ ಸರಿ.

ಮೈಸೂರು ಮಸಾಲೆ
ನಮಗೆ ಸಿಕ್ಕಿದ್ದು ನಾಡಿ ಅನ್ನೋ ಕಾರ್ಟೂನು. ಪೋಗೊ ಚಾನೆಲ್ 2004ರಲ್ಲಿ ಶುರುವಾದ ಮೇಲೆ ನಾಡಿ, ಪಿಂಗು, ಓಸ್ವಾಲ್ಡ್, ಬಾಬ್ ದಿ ಬಿಲ್ಡರ್. ಎಲ್ಲಾ ತ್ರೀಡಿ. ಅವು ಓಲಿಗಿಂತ ಮೊದಲಲ್ವಾ?

ಕೀಫ್ರೇಮ್ ಕಿಟ್ಟಿ
ಇಲ್ಲ. ಪಿಂಗು ಜೇಡಿಮಣ್ಣಿನ ಗೊಂಬೆ, ಸ್ವಿಟ್ಜರ್ಲೆಂಡಿನದ್ದು, ಒಂದೊಂದು ಚೌಕಟ್ಟಿಗೂ ಕೈಯಲ್ಲಿ ಅಲ್ಲಾಡಿಸಿ ಫೋಟೊ ತೆಗೆದದ್ದು. ಬಾಬ್ ಕೂಡ ಆಗ ಗೊಂಬೆಯೇ. ಓಸ್ವಾಲ್ಡ್ ಟೂಡಿ, ಅಂದ್ರೆ ಚಪ್ಪಟೆ ಚಿತ್ರ. ನಾಲ್ಕರಲ್ಲಿ ಕಂಪ್ಯೂಟರ್‌ದ್ದು ನಾಡಿ ಒಂದೇ, ಅದರ ಪ್ರಸಾರ ಬ್ರಿಟನ್ನಿನಲ್ಲಿ ಶುರುವಾದದ್ದು 2002ರಲ್ಲಿ. ಎನಿಡ್ ಬ್ಲೈಟನ್ ಪುಸ್ತಕ 1949ರಿಂದಲೂ ಇತ್ತು, 90ರ ದಶಕದಲ್ಲಿ ಬಿಬಿಸಿಗೆ ಕಾಸ್‌ಗ್ರೋವ್ ಹಾಲ್‌ನವರು ಗೊಂಬೆಗಳಲ್ಲಿ ಮಾಡಿದ್ರು, ಆಮೇಲೆ ಸಿಜಿ.

ಮೈಸೂರು ಮಸಾಲೆ
ಪಿಂಗು ಮಣ್ಣಾ?? ನನ್ನ ಬಾಲ್ಯವೇ ಸುಳ್ಳು.

ಕರಾವಳಿ ಕಡ್ಲೆ
ಮಾರಾಯ್ರೇ, ಪಿಂಗು ಮಣ್ಣು ಅಂತ ಗೊತ್ತಾಗ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ? ಬೆರಳಚ್ಚು ಕಾಣ್ತದಲ್ಲ ಅದ್ರ ಮೈ ಮೇಲೆ.

ಬಾಲವಾಡಿ ಟೀಚರ್
ಮೊದಲ ಪೋಸ್ಟಿನ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಗುಂಡು ಚೌಕ ಅಂತ ಎಲ್ಲಿಗೋ ಹೋಯ್ತು.

ಮೂರು ವರ್ಷದ ಮಗು ಕಣ್ಣು ಮಿಟುಕಿಸದೆ ನೋಡ್ತಿದೆ ಅಂದ್ರೆ ಗಮನ ಚೆನ್ನಾಗಿದೆ ಅಂತ ಅಲ್ಲ. ದೃಶ್ಯ ಪಟಪಟ ಬದಲಾದ್ರೆ ಕಣ್ಣು ತಾನಾಗಿ ಅದರ ಹಿಂದೆ ಹೋಗುತ್ತೆ. 2011ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರ ಒಂದು ಪ್ರಯೋಗ ಬಂದಿತ್ತು. ನಾಲ್ಕು ವರ್ಷದ 60 ಮಕ್ಕಳು, ಮೂರು ಗುಂಪು. ಒಂದಕ್ಕೆ 9 ನಿಮಿಷ ವೇಗದ ಕಾರ್ಟೂನ್, ಇನ್ನೊಂದಕ್ಕೆ ನಿಧಾನದ ಶೈಕ್ಷಣಿಕ ಕಾರ್ಟೂನ್, ಮೂರನೇದಕ್ಕೆ ಬಣ್ಣದ ಕಡ್ಡಿ ಕೊಟ್ಟು ಚಿತ್ರ ಬರೀರಿ ಅಂತ. ಆಮೇಲೆ ಕೊಟ್ಟ ಚಟುವಟಿಕೆಗಳಲ್ಲಿ ವೇಗದ ಕಾರ್ಟೂನ್ ನೋಡಿದವರು ಹಿಂದೆ ಬಿದ್ರು. ನಿಮ್ಮ ಮಗು ಓಲಿ ನೋಡಿ ಎದ್ದು ಕುಣಿಯುತ್ತೆ ಅಂದ್ರೆ ಸಂತೋಷಪಡಿ. ಒಂದೊಂದು ಕಥೆ ಏಳು ನಿಮಿಷದ ಆಸುಪಾಸು, ಒಂದು ಕಂತಿಗೆ ಮೂರು ಕಥೆ, ನಡುವೆ ಆಫ್ ಮಾಡೋಕೆ ಜಾಗ ಇದೆ. ಈಗಿನದ್ದರಲ್ಲಿ ಆ ಜಾಗವೇ ಇಲ್ಲ, ಒಂದು ಮುಗಿಯೋಕೆ ಮುಂಚೆ ಇನ್ನೊಂದು ಶುರು.

ತಗಾದೆ ತಿಮ್ಮ
ಟೀಚರ್, ಆ ಪ್ರಯೋಗ ಹೇಳೋದು ನೋಡಿದ *ತಕ್ಷಣದ* ಪರಿಣಾಮ ಮಾತ್ರ. ಮರುದಿನ ಏನಾಯ್ತು, ವರ್ಷದ ಮೇಲೆ ಏನಾಯ್ತು ಅಂತ ಅದು ಅಳೆದಿಲ್ಲ. ಮತ್ತೆ ಓಲಿ ನಿಧಾನದ ಕಾರ್ಯಕ್ರಮ ಅಂತ ಯಾರು ಹೇಳಿದ್ರು? ಎಲ್ಲಾ ಪುಟಿಯುತ್ತೆ, ಕುಣಿಯುತ್ತೆ, ಹಾಡು ಬೇರೆ. ಹಳೇದು ಅಂದ ಮಾತ್ರಕ್ಕೆ ಸಾತ್ವಿಕ ಅನ್ಕೋಬೇಡಿ.

ಬಾಲವಾಡಿ ಟೀಚರ್
ತಕ್ಷಣದ್ದು ಅನ್ನೋದು ಸರಿ. ನನಗೆ ತಕ್ಷಣದ್ದೇ ಸಾಕು, ಬೆಳಿಗ್ಗೆ ಒಂಬತ್ತಕ್ಕೆ ಟೀವಿ ನೋಡ್ಕೊಂಡು ಬಂದ ಮಕ್ಕಳನ್ನ ಕೂರಿಸೋಳು ನಾನು, ನೀವಲ್ಲ.

ಪುಟಿಯೋದಕ್ಕೂ ಕತ್ತರಿಸೋದಕ್ಕೂ ವ್ಯತ್ಯಾಸ ಇದೆ. ಪಾತ್ರ ಪುಟಿಯಲಿ, ಕ್ಯಾಮೆರಾ ನಿಂತಿರಲಿ. ಓಲಿಯಲ್ಲಿ ಒಂದೇ ಕೋಣೆ, ಒಂದೇ ಸಮಸ್ಯೆ. ತಂಗಿಗೆ ಆಟಿಕೆ ಹಂಚಿಕೊಳ್ಳಬೇಕು, ಇಲ್ಲ ಏನೋ ಸುಳ್ಳು ಹೇಳಿ ಸಿಕ್ಕಿಬೀಳ್ತಾನೆ. ಮೂರು ವರ್ಷಕ್ಕೆ ಅರ್ಥ ಆಗೋ ಗಾತ್ರದ ಕಷ್ಟಗಳು. ಏನೇ ಇರಲಿ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಅಂತ. ಕಡಿಮೆ ಆದಷ್ಟೂ ಒಳ್ಳೇದು.

ಪುಟ್ಟನ ಅಪ್ಪ
1 ಗಂಟೆ. ಸರಿ. ಮನೆಯಲ್ಲಿ ಅಜ್ಜಿ ಸೀರಿಯಲ್ ನೋಡೋವಾಗ ತೊಡೆ ಮೇಲೆ ಕೂತದ್ದು ಲೆಕ್ಕಕ್ಕೆ ಬರುತ್ತಾ?

ಒಗ್ಗರಣೆ
ಅದು ಲೆಕ್ಕಕ್ಕೆ ಬಂದ್ರೆ ಕರ್ನಾಟಕದ ಮಕ್ಕಳೆಲ್ಲ ಸಂಜೆ ಏಳೂವರೆಗೆ ಕೋಟಾ ಮುಗಿಸಿರ್ತಾರೆ.

ಕಸಬರಿಗೆ
ಯಾರೂ ಹೇಳದ ಮಾತು ನಾನು ಹೇಳ್ತೀನಿ. ಗ್ರಹ ಯಾವುದೇ ಇರಲಿ, ಅಮ್ಮ ಅಡುಗೆಮನೆಯಲ್ಲೇ. ರೋಬೋಗಳಿಗೂ ಬಿಡುಗಡೆ ಇಲ್ಲ. ಹೊಸ ಜಗತ್ತು ಕಟ್ಟೋಕೆ ಕಂಪ್ಯೂಟರ್ ಕೊಟ್ರೆ 1950ರ ಮನೆಯನ್ನೇ ಕಟ್ಟಿದ್ರು.

ಮಿಸ್ಸಿಸಾಗಾ ಮಾಮಿ
ಕಸಬರಿಗೆಯವರೇ, ಮಾತು ಸರಿ. ಆದ್ರೆ ಅದೇ ಕಾರ್ಯಕ್ರಮದಲ್ಲಿ ಅಪ್ಪನೂ ಮಕ್ಕಳ ಜೊತೆ ನೆಲದ ಮೇಲೆ ಉರುಳಾಡಿ ಆಡ್ತಾನೆ, ಪೆದ್ದನಾಗ್ತಾನೆ, ಕುಣೀತಾನೆ. ನಮ್ಮೆಜಮಾನರು ಅದನ್ನ ನೋಡಿ ಕಲೀಲಿ ಅಂತ ಜೊತೆಗೆ ಕೂರಿಸ್ತಿದ್ದೆ. ನಿದ್ದೆ ಮಾಡ್ತಿದ್ರು.

ಕನ್ನಡದ ಕಿವಿ
ಕನ್ನಡದಲ್ಲಿ ಇದು ಸಿಕ್ಕುತ್ತಾ? ಸಿಕ್ಕಲ್ಲ ಅಂತ ಗೊತ್ತು, ಸುಮ್ನೆ ಕೇಳಿದೆ. 2009ರಲ್ಲಿ ಚಿಂಟು ಟಿವಿ ಬಂದಾಗ ಡೋರಾ ಕನ್ನಡ ಮಾತಾಡಿದ್ಳು, ನಮ್ಮ ಹಳ್ಳಿ ಮನೆ ಮಕ್ಕಳು ಮೊದಲ ಸಲ ಕಾರ್ಟೂನ್ *ಅರ್ಥ ಮಾಡಿಕೊಂಡು* ನಕ್ಕಿದ್ದು ಆಗ. ಅದಕ್ಕೆ ಮೊದಲು ಇಂಗ್ಲಿಷ್, ಇಲ್ಲ ಹಿಂದಿ. ದೊಡ್ಡೋರ ಸಿನಿಮಾ ಡಬ್ಬಿಂಗ್ ಮಾಡಬಾರದು ಅಂತ ದಶಕಗಟ್ಟಲೆ ಅಲಿಖಿತ ತಡೆ ಇತ್ತಲ್ಲ, ಸ್ಪರ್ಧಾ ಆಯೋಗ 2015ರಲ್ಲಿ ದಂಡ ಹಾಕೋವರೆಗೂ. ಅದರ ಮಧ್ಯೆ ಕಾರ್ಟೂನ್ ಮಾತ್ರ ಹೇಗೋ ನುಸುಳಿಕೊಂಡು ಬಂತು.

ಧಾರವಾಡದಂವ
ಡೋರಾ ಕನ್ನಡ ಮಾತಾಡಿದ್ಲು ಖರೇ, ಯಾವ ಕನ್ನಡ? ಬೆಂಗಳೂರು ಪುಸ್ತಕದ ಕನ್ನಡ. ನಮ್ಮ ಹುಡುಗ್ರು ಅದನ್ನ ನೋಡಿ "ನೀವು ನೋಡುವಿರಾ" ಅಂತ ಮಾತಾಡಾಕ ಹತ್ತಿದ್ವು. ಅವ್ವ ಗಾಬರಿ ಆಗಿ ಹಣಿ ಮುಟ್ಟಿ ನೋಡಿದ್ಲು, ಜ್ವರ ಬಂದಾವೇನು ಅಂತ.

ಕನ್ನಡದ ಕಿವಿ
😂 ಆದ್ರೂ ಇಂಗ್ಲಿಷ್‌ಗಿಂತ ವಾಸಿ ಅಲ್ವಾ?

ಧಾರವಾಡದಂವ
ವಾಸಿ ಬಿಡ್ರಿ. ಓಲಿನ್ನ ನಮ್ಮ ಭಾಷಾದಾಗ ಮಾಡ್ರಿ, ನಾ ತಾತನ ದನಿ ಕೊಡ್ತೀನಿ. ಹಲ್ಲುಸೆಟ್ಟು ಆಗಲೇ ಐತಿ ನನ್ಹತ್ರ.

ತಗಾದೆ ತಿಮ್ಮ
ಡಬ್ಬಿಂಗ್ ವಿಷಯ ತೆಗೆದ್ರೆ ಈ ಚರ್ಚೆ ನೂರು ಪುಟ ಹೋಗುತ್ತೆ. ಬೇಡ. ಸ್ವಂತ ಮಾಡೋಕೆ ಆಗಲ್ಲವಾ ನಮ್ಮವರಿಗೆ? ಇಷ್ಟೊಂದು ಸ್ಟುಡಿಯೊ ಇದ್ದೂ ಕನ್ನಡದ ಮೂರು ವರ್ಷದ ಮಗುವಿಗೆ ಅಂತ ಒಂದು ನೆಟ್ಟಗಿನ ಸಿಜಿ ಸರಣಿ ತೋರಿಸಿ ನೋಡೋಣ. ಬೇರೆಯವರ ಮಕ್ಕಳಿಗೆ ಕೂಲಿ ಮಾಡಿದ್ದೇ ಬಂತು.

ಕೀಫ್ರೇಮ್ ಕಿಟ್ಟಿ
ಕೂಲಿ ಅನ್ನೋ ಮಾತು ಚುಚ್ಚುತ್ತೆ, ಆದ್ರೆ ಪೂರ್ತಿ ಸುಳ್ಳಲ್ಲ. ಜೇಕರ್ಸ್ ಅಂತ ಒಂದು ಸರಣಿ, 2003ರಲ್ಲಿ ಅಮೆರಿಕದ ಪಿಬಿಎಸ್‌ನಲ್ಲಿ ಬಂತು. ಪಿಗ್ಲಿ ಅನ್ನೋ ಹಂದಿ ತಾತ ಮೊಮ್ಮಕ್ಕಳಿಗೆ ಐರ್ಲೆಂಡಿನ ತನ್ನ ಬಾಲ್ಯದ ಕಥೆ ಹೇಳ್ತಾನೆ. ಕುರಿಯ ಪಾತ್ರಕ್ಕೆ ದನಿ ಕೊಟ್ಟವನು ಹಾಲಿವುಡ್ಡಿನ ಮೆಲ್ ಬ್ರೂಕ್ಸ್. ಆ ಹಂದಿ, ಆ ಹುಲ್ಲುಗಾವಲು, ಆ ಐರ್ಲೆಂಡು ಎಲ್ಲವನ್ನೂ ಅಲ್ಲಾಡಿಸಿದ್ದು ಮುಂಬೈನ ಕ್ರೆಸ್ಟ್ ಸ್ಟುಡಿಯೊದ ಹುಡುಗರು. ಬೆಳಿಗ್ಗೆ ವಡಾಪಾವ್ ತಿಂದು ಬಂದು ಐರಿಶ್ ಹಂದಿಗೆ ಜೀವ ಕೊಟ್ಟಿದಾರೆ. ಅದಕ್ಕೂ ಎಮ್ಮಿ ಬಂತು.

ನಾನಿದ್ದ ಕಡೆ (ಹೆಸರು ಬೇಡ) ಹೀಗೆ ನಡೀತಿತ್ತು: ದನಿ ಅಲ್ಲಿಂದ ಮೊದಲೇ ಬರುತ್ತೆ, ಜೊತೆಗೆ ಚಿತ್ರಕಥೆಯ ಹಾಳೆ. ನಾವು ದನಿ ಕೇಳಿ ಕೇಳಿ ತುಟಿ ಹೊಂದಿಸಬೇಕು. ಸಂಜೆ ಕಳಿಸಿದ್ರೆ ಅವರಿಗೆ ಬೆಳಗು, ನಮಗೆ ಬೆಳಗಾಗೋಷ್ಟರಲ್ಲಿ ತಿದ್ದುಪಡಿಯ ಪಟ್ಟಿ. "ಮಗು ಹೀಗೆ ಸ್ಯಾಂಡ್‌ವಿಚ್ ತಿನ್ನಲ್ಲ" ಅಂತ ಒಂದು ಸಲ ಬಂತು. ನಮ್ಮ ಹುಡುಗ ಪಾತ್ರದ ಕೈಯಲ್ಲಿ ಅದನ್ನ ಮುರಿದು ಮುರಿದು ತಿನ್ನಿಸಿದ್ದ, ರೊಟ್ಟಿ ಥರ. ತಿದ್ದಿ ಕಳಿಸಿದ್ವಿ. ನನಗಂತೂ ಮೊದಲಿಂದೇ ಚೆನ್ನಾಗಿತ್ತು ಅನಿಸಿತ್ತು.

ಸ್ವಂತದ್ದು ಯಾಕಿಲ್ಲ ಅಂದ್ರೆ, ಕೈಯಲ್ಲಿ ಕೆಲಸ ಇದೆ, ದುಡ್ಡು ಹಾಕೋರಿಲ್ಲ. ಓಲಿಯ ಹಿಂದೆ ಕೆನಡಾ, ಫ್ರಾನ್ಸ್ ಎರಡೂ ದೇಶದ ಹಣ, ಮೇಲೆ ಡಿಸ್ನಿಯ ಚಾನೆಲ್ಲು. ಕನ್ನಡದ್ದಕ್ಕೆ ಯಾರು ನಿಲ್ತಾರೆ?

ರಾಮನಗರದ ರಾಗಿ
ಸ್ಯಾಂಡ್‌ವಿಚ್ ಮುರಿದು ತಿಂದ ದೃಶ್ಯ ಉಳಿಸಿಕೊಂಡಿದೀರಾ? ಹಾಕಿ ಇಲ್ಲಿ.

ಕೀಫ್ರೇಮ್ ಕಿಟ್ಟಿ
ಹಾಕೋ ಹಾಗಿಲ್ಲ, ಕರಾರು. ಅಲ್ಲದೆ ಹಳೇ ಫೈಲು ಇದ್ರೂ ಈಗಿನ ಸಾಫ್ಟ್‌ವೇರ್ ತೆರೆಯಲ್ಲ. ಓಲಿಯಂಥವು ಮಸುಕಾಗಿ ಕಾಣೋದೂ ಅದಕ್ಕೇ. ರೆಂಡರ್ ಮಾಡಿದ್ದೇ ಆಗಿನ ಟೀವಿ ಅಳತೆಗೆ. ಫಿಲ್ಮ್ ಆಗಿದ್ರೆ ಮತ್ತೆ ಸ್ಕ್ಯಾನ್ ಮಾಡಿ ಚೂಪು ಮಾಡಬಹುದು. ಇದನ್ನ ಮತ್ತೆ ರೆಂಡರ್ ಮಾಡಬೇಕು ಅಂದ್ರೆ ಆ ಕಾಲದ ಯಂತ್ರ, ಆ ಕಾಲದ ತಂತ್ರಾಂಶ, ಕಳೆದುಹೋಗದ ಒಂದೊಂದು ಬಣ್ಣದ ಫೈಲು, ಎಲ್ಲಾ ಬೇಕು.

ಕರಾವಳಿ ಕಡ್ಲೆ
ಒಂದು ಸಣ್ಣ ಡೌಟು. ಅಮೆರಿಕದ ಡಿವಿಡಿ ಅಂತೀರಿ, ಅದು ರೀಜನ್ 1 (ಯಾವ ದೇಶದ ಪ್ಲೇಯರಲ್ಲಿ ಓಡ್ಬೇಕು ಅನ್ನೋ ಗುರುತು) ಅಲ್ವಾ? ನಮ್ಮದು 5. ನಿಮ್ಮ ಪ್ಲೇಯರಲ್ಲಿ ಹೇಗೆ ಓಡ್ತದೆ ಮಾರಾಯ್ರೇ?

ಹಳೇಪೆಟ್ಟಿಗೆ
ಪ್ಲೇಯರಲ್ಲಿ ಓಡಲ್ಲ. ಹಳೇ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನೋ ವಿಡಿಯೊ ಸಾಫ್ಟ್‌ವೇರ್ ಹಾಕಿ ಟೀವಿಗೆ ತಂತಿ ಕೊಟ್ಟಿದೀನಿ.

ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು: ಡಬ್ಬದಲ್ಲಿ ಎರಡು ಉದ್ದದ ಚಿತ್ರಗಳೂ ಇವೆ, 2002ರ ದಿ ಗ್ರೇಟ್ ಡಿಫೆಂಡರ್ ಆಫ್ ಫನ್, 2003ರ ದಿ ಬೇಬಿ ಬಾಟ್ ಚೇಸ್. ಮೊದಲನೇದರಲ್ಲಿ ಖಳನಾಯಕ ಇದಾನೆ ಅಂತ ಹಿಂದೆ ಬರೆದಿದೆ. ಮೂರು ವರ್ಷದವಳಿಗೆ ಹೆದರಿಕೆ ಆಗುತ್ತಾ?

ಮಿಸ್ಸಿಸಾಗಾ ಮಾಮಿ
ಗ್ಲೂಮಿಯಸ್ ಮ್ಯಾಕ್ಸಿಮಸ್ ಅಂತ, ಎಲ್ಲರ ಖುಷಿ ಕೆಡಿಸೋಕೆ ಬರ್ತಾನೆ. ದನಿ ಜೇಮ್ಸ್ ವುಡ್ಸ್‌ದು, ಸ್ವಲ್ಪ ಗಡಸು. ನಮ್ಮವಳು ಸೋಫಾ ಹಿಂದಿನಿಂದ ನೋಡಿದ್ಳು, ಅತ್ತಿಲ್ಲ. ಎರಡನೇದು ಪರವಾಗಿಲ್ಲ, ಅವಳಿ ಪಾಪುಗಳು ಬರ್ತವೆ. ಅದನ್ನೇ ಮೊದಲು ಹಾಕಿ.

ತಗಾದೆ ತಿಮ್ಮ
ಖಳನಾಯಕ ಗುಂಡಗಿದಾನಾ, ಚೂಪಾಗಿದಾನಾ?

ಒಗ್ಗರಣೆ
ಬಿಡೋ ಮಾರಾಯ!